ಕಾಗಿಮರಡಿಯ ಎಂಟನೇ ಬೋರು

ಸೋಮವಾರ, ೩ ನವೆಂಬರ್ ೨೦೨೫

ಈ ಡೈರಿ ೨೦೧೯ರದು. ನಮ್ಮ ಮನೆಯವರ ಹತ್ತಿ ಅಂಗಡಿಯಿಂದ ಗಿರಾಕಿಗಳಿಗೆ ಹಂಚಿ ಉಳಿದದ್ದು. ಬರೆಯಲು ಏನಾದರೂ ಬೇಕು ಎಂದೆ. ಅತ್ತೆ ಕಪಾಟಿನಿಂದ ತೆಗೆದುಕೊಟ್ಟು, "ತಾರೀಖ ಹಳೇವು, ಹಾಳಿ ಹೊಸಾವು. ಬರಿಯವ್ವಾ," ಎಂದರು. ಅಚ್ಚಾದ ತಾರೀಖಿಗೆ ಗೆರೆ ಎಳೆದು ಪಕ್ಕದಲ್ಲಿ ನನ್ನದು ಬರೆದುಕೊಂಡಿದ್ದೇನೆ.

ಹನ್ನೆರಡು ವರ್ಷದಿಂದ ಕಲ್ಲು ನೋಡುವ ಕೆಲಸದಲ್ಲಿದ್ದೇನೆ; ಒಂದು ದಿನವೂ ದಿನಚರಿ ಬರೆದವಳಲ್ಲ. ಈಗ ಬರೆಯುವುದಕ್ಕೆ ಒಂದೇ ಕಾರಣ. ಇನ್ನು ಐದಾರು ವಾರದಲ್ಲಿ ಕಾಗಿಮರಡಿ ಗುಡ್ಡದಲ್ಲಿ ತಾಮ್ರ ಸಿಗುತ್ತದೆ. ಸಿಕ್ಕ ಮೇಲೆ ಊರೆಲ್ಲ ನಮಗೆ ಮೊದಲೇ ಗೊತ್ತಿತ್ತು ಎನ್ನುತ್ತದೆ. ಆ ದಿನ ಈ ಪುಟ ತೆಗೆದು ನಾನೊಬ್ಬಳೇ ಕುಳಿತು ಓದಿಕೊಳ್ಳಬೇಕು. ಹೇಳಿದ್ದು ರಜನಿ, ಮತ್ತಾರೂ ಅಲ್ಲ.

ಇವತ್ತು ನಮ್ಮ ಮುಖ್ಯಸ್ಥರು ಯಜ್ಞೇಶ್ವರ ಸರ್ ಕರೆದಿದ್ದರು. ಮುಂಬೈಯಲ್ಲಿರುವ ಕಂಪನಿಯ ದೊಡ್ಡವರು ಇನ್ನೊಂದೇ ಬೋರು ಕೊರೆಯಲು ಒಪ್ಪಿದ್ದಾರಂತೆ. ಏಳು ಬೋರು ಆಗಿವೆ. ಏಳರಲ್ಲೂ ಸಿಕ್ಕಿದ್ದು ಗಂಧಕ ಬೆರೆತ ಅದಿರಿನ ತೆಳ್ಳನೆಯ ಒಂದು ಪದರ, ಒಂದೆರಡು ಮೀಟರಿನಷ್ಟು. ಗಣಿ ತೆಗೆಯಲು ಅದು ಏನಕ್ಕೂ ಸಾಲದು. ಎಂಟನೆಯದರಲ್ಲಿ ದಪ್ಪ ಅದಿರು ಸಿಗದಿದ್ದರೆ ಗುಡ್ಡ ಬಿಟ್ಟುಬಿಡುತ್ತಾರೆ. ಲಕಮನಹಳ್ಳಿಯಲ್ಲಿ ಕಲ್ಲು ಇಡುವ ನಮ್ಮ ಶೆಡ್ಡಿಗೆ ಬೀಗ, ಹನ್ನೊಂದು ಜನ ಮನೆಗೆ. ಎಲ್ಲಿ ಕೊರೆಯಬೇಕೆಂದು ಹೇಳಬೇಕಾದವಳು ನಾನು.

"ಒಂದ ಅವಕಾಶ ಅದ ನೋಡ್ರಿ ರಜನಿ ಅವರ," ಎಂದರು ಸರ್, ಚಹಾ ಆರುವಷ್ಟು ನಿಧಾನವಾಗಿ. "ತಪ್ಪಿದ್ರ ತಪ್ಪೇ ಹೋತು."

"ತಪ್ಪೂದಿಲ್ರಿ ಸರ್," ಎಂದೆ.

ತಪ್ಪುವುದಿಲ್ಲ. ಗುಡ್ಡದ ಪೂರ್ವದ ಬುಡದಿಂದ ನೇರ ಕೆಳಕ್ಕೆ, ಮುನ್ನೂರೆಂಬತ್ತು ಮೀಟರು. ಜಾಗವನ್ನು ಮನಸ್ಸಿನಲ್ಲೇ ಗುರುತು ಮಾಡಿ ಆಗಿದೆ.

ಬುಧವಾರ, ೫ ನವೆಂಬರ್

ಕೇಶ್ವಾಪುರದಿಂದ ಲಕಮನಹಳ್ಳಿಗೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗುವುದೇ ಸುಖ, ಕಾರು ನಿಲ್ಲಿಸುವ ತಾಪತ್ರಯವಿಲ್ಲ. ಶೆಡ್ಡಿನ ಅಲ್ಲಾಸಾಬನೂ ಹಳೇ ಹುಬ್ಬಳ್ಳಿಯಿಂದ ಅದೇ ಬಸ್ಸಿಗೆ ಬರುತ್ತಾನೆ. ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ನಾನು ಮುಂದೆ ಕುಳಿತು ಮೊಬೈಲಿನಲ್ಲಿ ನಕಾಶೆ ನೋಡುತ್ತೇನೆ.

ಶೆಡ್ಡಿನಲ್ಲಿ ಅವನೇ ಹಳಬ. ಬೋರಿನಿಂದ ಬಂದ ಕಲ್ಲಿನ ಕೋಲನ್ನು, ನಾವು ಕೋರ್ ಎನ್ನುವುದನ್ನು, ತೊಳೆದು, ಆಳದ ಅಂಕಿ ಬರೆದು, ಪೆಟ್ಟಿಗೆಯಲ್ಲಿ ಜೋಡಿಸುವುದು ಅವನ ಕೆಲಸ. ಕೈ ಚೊಕ್ಕ, ಅದು ಒಪ್ಪತಕ್ಕದ್ದೇ. ಆದರೆ ನಾನು ಬರುವುದಕ್ಕಿಂತ ಮೊದಲು ಶೆಡ್ಡಿಗೊಂದು ಶಿಸ್ತು ಇರಲಿಲ್ಲ. ಪ್ರತಿ ತುಂಡಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಬಾಣ ಹಾಕಬೇಕು, ಅದು ಬೋರಿನ ತಳದ ಕಡೆಗೆ ಇರಬೇಕು ಎಂದು ನಿಯಮ ಮಾಡಿದ್ದು ನಾನು, ೨೦೨೩ರ ಏಪ್ರಿಲ್‌ನಲ್ಲಿ. ಬಂದ ಮೊದಲ ವಾರದಲ್ಲೇ.

ಆ ಜೂನ್‌ನಲ್ಲಿ ಗಾಳಿಮಳೆಗೆ ಶೆಡ್ಡಿನ ತಗಡು ಹಾರಿ, ಕಪಾಟು ಉರುಳಿ, ಮೊದಲ ನಾಲ್ಕು ಬೋರಿನ ಪೆಟ್ಟಿಗೆಗಳೆಲ್ಲ ನೆಲದ ಪಾಲಾದವು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನಾನು ಹತ್ತು ದಿನ ನಿಂತು, ಅಂಕಿ ನೋಡಿ, ಬಾಣ ನೋಡಿ, ಒಂದೊಂದು ತುಂಡನ್ನೂ ಮತ್ತೆ ಜೋಡಿಸಲು ಹಚ್ಚಿದೆ. ತುಂಡಿನ ತುದಿಗೆ ತುದಿ ಸರಿಯಾಗಿ ಕೂಡುತ್ತಿರಲಿಲ್ಲ. ಬಿದ್ದ ಏಟಿಗೆ ಅಂಚು ಮುರಿದಿರುತ್ತವೆ, ಸಹಜ. ಅಲ್ಲಾಸಾಬ ಆಗ ಏನೋ ಗೊಣಗಿದ. "ಕಲ್ಲು ಇಡೂದು ನಿಮ್ಮ ಕೆಲಸ, ಓದೂದು ನಮ್ಮ ಕೆಲಸ," ಎಂದೆ. ಆಮೇಲೆ ಅವನ ತಂಟೆಯಿಲ್ಲ.

ಆ ಪೆಟ್ಟಿಗೆಗಳಲ್ಲೇ ಸಿಕ್ಕಿದ್ದು ನನ್ನ ಹುಕುಮಿನ ಎಲೆ. ಎರಡನೇ ಬೋರಿನ ಗೇಣುದ್ದದ ತುಂಡು. ಅದಿರಿನ ಕೆಳಗಿರುವ ಕೆಸರುಗಲ್ಲು. ರಾಡಿ ನೀರನ್ನು ತಂಬಿಗೆಯಲ್ಲಿ ಕಲಕಿ ಬಿಟ್ಟರೆ ದಪ್ಪ ಮರಳು ಮೊದಲು ತಳ ಸೇರುತ್ತದೆ, ನುಣ್ಣನೆಯ ಮಣ್ಣು ಆಮೇಲೆ ಬಂದು ಮೇಲೆ ಕೂರುತ್ತದೆ. ಈ ತುಂಡಿನಲ್ಲೂ ಹಾಗೆಯೇ: ಬಾಣ ಕೆಳಗೆ ಮಾಡಿ ಹಿಡಿದರೆ ದಪ್ಪ ಮರಳು ಕೆಳಗೆ, ನುಣ್ಣಗಿನದು ಮೇಲೆ. ಅಂದರೆ ಈ ಗುಡ್ಡದ ಪದರಗಳು ಹುಟ್ಟಿದಾಗ ಹೇಗಿದ್ದವೋ ಹಾಗೇ ಇವೆ, ಮಗುಚಿಲ್ಲ. ಎರಡೂವರೆ ವರ್ಷದಿಂದ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ. ಅನುಮಾನಪಟ್ಟವರ ಕೈಗೆ ಅದನ್ನೇ ಕೊಡುತ್ತೇನೆ.

ಶುಕ್ರವಾರ, ೭ ನವೆಂಬರ್

ಸಂಜೆ ಅತ್ತೆ ಮೆಂತ್ಯೆ ಸೊಪ್ಪು ಬಿಡಿಸುತ್ತ, "ಆ ಗುಡ್ಡದಾಗ ಅಂಥಾದ್ದೇನೈತಿ?" ಎಂದು ಕೇಳಿದರು. ನಮ್ಮ ಅತ್ತೆ ಗೌರಕ್ಕನಿಗೆ ಹತ್ತಿಯ ಎಳೆ ನೋಡಿ ಯಾವ ಹೊಲದ್ದೆಂದು ಹೇಳುವ ಕಣ್ಣಿದೆ. ಕಲ್ಲಿನ ವಿಷಯ ಕೇಳಿದ್ದು ಇದೇ ಮೊದಲು. ಪಕ್ಕದಲ್ಲಿ ಕುಳಿತು ಹೇಳಿದೆ.

ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಈ ಸೀಮೆಯಲ್ಲಿ ಸಮುದ್ರವಿತ್ತು. ಸಮುದ್ರದ ತಳ ಬಿರುಕು ಬಿಟ್ಟಿತ್ತು. ತಣ್ಣೀರು ಬಿರುಕಿನಲ್ಲಿ ಇಳಿದು ಆಳದ ಬಿಸಿ ಕಲ್ಲಿಗೆ ತಾಗಿ ಕಾಯುತ್ತದೆ. ಮೇಲಿನ ನೀರಿನ ಭಾರಕ್ಕೆ ಕುದಿಯಲೂ ಆಗದಷ್ಟು ಕಾಯುತ್ತದೆ. ಆ ನೀರು ಕಲ್ಲಿನೊಳಗಿನ ತಾಮ್ರ, ಸತು, ಕಬ್ಬಿಣ ಎಲ್ಲ ಕರಗಿಸಿಕೊಂಡು ಒಂದು ಕೊಳವೆ ಹಿಡಿದು ಮೇಲೆ ನುಗ್ಗುತ್ತದೆ. ತಳ ದಾಟಿ ತಣ್ಣೀರು ತಾಗಿದ್ದೇ ತಡ, ಕರಗಿದ್ದೆಲ್ಲ ಗಂಧಕದ ಜೊತೆ ಸೇರಿ ಕರಿ ಹೊಗೆಯ ಹಾಗೆ ಎದ್ದು ಉದುರುತ್ತದೆ. ಉದುರಿ ಉದುರಿ ದಿಬ್ಬವಾಗುತ್ತದೆ. ಹೆಚ್ಚು ಬಿಸಿ ಬೇಡುವ ತಾಮ್ರ ಕೊಳವೆಯ ಬಾಯಲ್ಲಿ, ದಿಬ್ಬದ ಬುಡದಲ್ಲೇ ನಿಲ್ಲುತ್ತದೆ. ಸತು ಇನ್ನಷ್ಟು ಮೇಲೆ ಹೋಗಿ ನಿಲ್ಲುತ್ತದೆ. ಆಮೇಲೆ ಕೆಸರು ಬಂದು ಎಲ್ಲವನ್ನೂ ಮುಚ್ಚುತ್ತದೆ.

"ಅಂದ್ರ ನೀರಾಗ ಒಲಿ ಹಚ್ಚಿದಂಗ ಆತು," ಎಂದರು ಅತ್ತೆ.

"ಹೌದ್ರಿ ಅತ್ತಿ. ನಮಗ ಸಿಕ್ಕದ್ದು ರೊಟ್ಟಿ ಅಂಚು. ಒಲಿ ಇನ್ನೂ ಸಿಕ್ಕಿಲ್ಲ. ಒಲಿ ಮ್ಯಾಲ ಅದಿರು ದಪ್ಪ ಇರತೈತಿ."

"ಒಲಿ ಎಲ್ಲೈತಿ?"

"ಕೆಳಗ."

"ಕೆಳಗ ಅಂತ ನಿನಗ ಹೆಂಗ ಗೊತ್ತು?"

"ಒಲಿ ಯಾವತ್ತೂ ಕೆಳಗ ಇರತೈತಲ್ರೀ!"

ಇಬ್ಬರೂ ನಕ್ಕೆವು. ಇಂಥ ಒಲೆ ಹೊತ್ತುವ ಜಾಗ ಎರಡು ಬಗೆ. ಒಂದು, ಜ್ವಾಲಾಮುಖಿಯ ಲಾವಾ ಹರಿದು ಗಟ್ಟಿಯಾದ ತಳ. ಇನ್ನೊಂದು, ಲಾವಾ ಹತ್ತಿರವಿಲ್ಲದ, ಬರೀ ಕೆಸರು ತುಂಬಿದ ತಳ. ನಮ್ಮ ಗುಡ್ಡದಲ್ಲಿ ಮೇಲೆ ಲಾವಾ ಕಲ್ಲು, ನಡುವೆ ಅದಿರು, ಕೆಳಗೆ ಕೆಸರುಗಲ್ಲು. ಲಾವಾ ಕೆಳಗಿರಬೇಕಿತ್ತಲ್ಲ ಎಂದು ಯಜ್ಞೇಶ್ವರ ಸರ್ ಹೋದ ವರ್ಷವೇ ತಕರಾರು ತೆಗೆದಿದ್ದರು. ನಾನು ಮೇಜಿನ ತುಂಡು ತೋರಿಸಿದೆ, ಸುಮ್ಮನಾದರು. ಇದು ಕೆಸರಿನ ಬಗೆಯದು, ಒಲೆ ಕೆಸರುಗಲ್ಲಿನ ಆಳದಲ್ಲಿದೆ, ಲಾವಾ ಆಮೇಲೆ ಬಂದದ್ದು.

ನಮ್ಮ ಪದರದಲ್ಲಿ ಮಾತ್ರ ತಾಮ್ರ ಮೇಲಿನ ಅಂಚಿಗೆ, ಸತು ಕೆಳಗಿನ ಅಂಚಿಗೆ ಇದೆ. ಅತ್ತೆಗೆ ಅದನ್ನು ಹೇಳಲು ಹೋಗಲಿಲ್ಲ. ನೆಲ ಮಡಿಚಿ ಒತ್ತಿದಾಗ ತಾಮ್ರ ಅತ್ತಿತ್ತ ಸರಿಯುವುದುಂಟು. ವರದಿಯಲ್ಲಿ ಅದಕ್ಕೆಂದೇ ಎರಡು ಪುಟ ಬರೆದಿದ್ದೇನೆ. ಚೆನ್ನಾಗಿ ಬಂದಿವೆ.

ಮಂಗಳವಾರ, ೧೧ ನವೆಂಬರ್

ಗುಡ್ಡಕ್ಕೆ ಹೋಗಿ ಬಂದೆ. ಎರಡು ತಾಸಿನ ದಾರಿ, ಎರಡೂ ಕಡೆ ಕಡಲೆ ಹೊಲ. ಪೂರ್ವದ ಬುಡದಲ್ಲಿ ಮಷೀನು ನಿಲ್ಲುವ ಜಾಗಕ್ಕೆ ನಾಲ್ಕು ಗೂಟ ಹೊಡೆಸಿದೆ. ಬುತ್ತಿ ಉಣ್ಣಲು ನೆರಳು ಹುಡುಕಿಕೊಂಡು ನೆತ್ತಿ ದಾಟಿ ಪಶ್ಚಿಮಕ್ಕೆ ಇಳಿದೆ. ಅಲ್ಲಿ ಆ ಕರಿಹಸಿರು ಕಲ್ಲಿನ ತೇಪೆ ಹಾಗೇ ಇದೆ, ಒಂದು ಒಕ್ಕುವ ಕಣದಷ್ಟು ಅಗಲ. ಹುಲ್ಲು ಕೂಡ ಸರಿಯಾಗಿ ಹುಟ್ಟುವುದಿಲ್ಲ. ಎರಡೂವರೆ ವರ್ಷದ ಹಿಂದೆ ನಕಾಶೆಯಲ್ಲಿ ಅದರ ಮೇಲೆ ಒಂದು ಪ್ರಶ್ನೆಯ ಗುರುತು ಹಾಕಿಬಿಟ್ಟಿದ್ದೆ. ಲಾವಾ ಅದಿರಿನ ಮೇಲಿನ ಕಲ್ಲು, ನಮಗೆ ಬೇಡದ್ದು. ಅದರ ಮೇಲೆಯೇ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದು ಬಂದೆ.

ಶುಕ್ರವಾರ, ೧೪ ನವೆಂಬರ್

ಮುಂಬೈಯವರು ಬಂದಾಗ ತೋರಿಸಲು ಮೇಜಿನ ತುಂಡಿಗೊಂದು ಕಟ್ಟಿಗೆಯ ಸ್ಟ್ಯಾಂಡು ಬೇಕಿತ್ತು. ಅಲ್ಲಾಸಾಬನಿಗೆ ಹೇಳಿದ್ದೆ. ಇವತ್ತು ಮಾಡಿ ತಂದಿಟ್ಟ. ಸಾಗವಾನಿಯದು, ಅಂಗಡಿಯಲ್ಲಿ ಸಿಗದಂಥದ್ದು. ತುಂಡನ್ನೂ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾನೆ, ಒಂದೊಂದು ಮರಳಿನ ಕಾಳೂ ಎಣಿಸಬಹುದು. ನಿಲ್ಲಿಸಿದ್ದು ಮಾತ್ರ ತಲೆಕೆಳಗೆ! ದಪ್ಪ ಮರಳು ಮೇಲೆ, ಬಾಣವೂ ಮೇಲೆ.

"ಉಲ್ಟಾ ಇಟ್ಟೀರಲ್ರೀ," ಎಂದು ನಕ್ಕು ತಿರುಗಿಸಿಟ್ಟೆ.

"ಆತ್ರಿ," ಎಂದು ಹೋದ.

ಇಪ್ಪತ್ತು ವರ್ಷ ಕಲ್ಲು ಹೊತ್ತರೂ ಕಲ್ಲಿನ ತಲೆ ಯಾವುದು ಕಾಲು ಯಾವುದು ತಿಳಿಯಬೇಕೆಂದಿಲ್ಲ.

ಸೋಮವಾರ, ೧೭ ನವೆಂಬರ್

ಶನಿವಾರ ಬೆಳಿಗ್ಗೆ ಬಂದು ನೋಡಿದರೆ ತುಂಡು ಮತ್ತೆ ತಲೆಕೆಳಗೆ ನಿಂತಿತ್ತು. ತಿರುಗಿಸಿದೆ. ಇವತ್ತೂ ತಲೆಕೆಳಗೆ. ತಿರುಗಿಸಿದೆ. ಮೇಜು ಒರೆಸುವುದು ಅಲ್ಲಾಸಾಬನೇ. ನನ್ನ ಜೊತೆ ಹಟಕ್ಕೆ ಬಿದ್ದಿದ್ದಾನೋ, ಕಣ್ಣು ಮಂದವಾಗಿದೆಯೋ.

ವರದಿ ಮುಂಬೈಗೆ ಹೋಯಿತು. ಕೆಳಗೆ ನನ್ನ ಸಹಿ, ಅದರ ಪಕ್ಕ ಸರ್ ಸಹಿ.

ಮಂಗಳವಾರ, ೧೮ ನವೆಂಬರ್

ತಲೆಕೆಳಗೆ. ಮುಂಬೈಯಿಂದ ಒಪ್ಪಿಗೆ ಬಂತು. ಸೋಮವಾರ, ಇಪ್ಪತ್ತನಾಲ್ಕಕ್ಕೆ, ಮಷೀನು ಗುಡ್ಡಕ್ಕೆ ಹೊರಡುತ್ತದೆ. ಸಂತೋಷಕ್ಕೆ ಎಲ್ಲರಿಗೂ ಫೇಡೆ ತರಿಸಿದೆ. ಅಲ್ಲಾಸಾಬ ಒಂದನ್ನು ಕಾಗದದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡ, ಹೆಂಡತಿ ರಾಜಬಿಗಂತೆ. ಹೋಗುವಾಗ ಸ್ಟ್ಯಾಂಡಿನ ಕಡೆ ಒಂದು ಸಾರಿ ನೋಡಿ ಹೋದ.

ಗುರುವಾರ, ೨೦ ನವೆಂಬರ್

ಇವತ್ತು ಬೇಕೆಂದೇ ಒಂದು ಬಸ್ಸು ಮೊದಲೇ ಹತ್ತಿದೆ, ಕೈಯಾರೆ ಹಿಡಿಯಬೇಕೆಂದು. ಹಿಡಿದೆ. ಅಲ್ಲಾಸಾಬ ಮೇಜಿನ ಮುಂದೆ ನಿಂತು ತುಂಡನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸುತ್ತಿದ್ದ.

"ಏನ್ ಮಾಡಾಕತ್ತೀರಿ?"

ಬೆಚ್ಚಲೂ ಇಲ್ಲ. "ನೆಟ್ಟಗ ಇಡಾಕತ್ತೇನ್ರಿ ಮೇಡಮ್ಮಾರ."

"ಉಲ್ಟಾ ಇಡಾಕತ್ತೀರಿ. ಬಾಣ ನೋಡ್ರಿ."

"ಬಾಣ ನೋಡೇ ಇಡಾಕತ್ತೇನ್ರಿ. ಇದು ಎರಡನೇ ಬೋರಿಂದು, ನೀವು ಬರೂಕಿಂತ ಮೊದಲ್ದು. ಆವಾಗ ನಾವು ಬಾಣ ಆಕಾಶದ ಕಡಿ ಹೊಡೀತಿದ್ವಿ. ತಳದ ಕಡಿ ಹೊಡಿಯಾಕ ಹತ್ತಿದ್ದು ನೀವು ಬಂದ ಮ್ಯಾಲ."

ನಾನು ಕೂತುಬಿಟ್ಟೆ. ಬ್ಯಾಗು ಹೆಗಲ ಮೇಲೇ ಇತ್ತು.

ಅದೇ ಬಿಳಿ ಬಣ್ಣ, ಅದೇ ಕುಂಚ, ಅದೇ ಕೈ. ನಿಯಮ ಬದಲಾಯಿಸಿದವಳು ಬಣ್ಣವನ್ನಾದರೂ ಬದಲಾಯಿಸಬಾರದಿತ್ತೆ? ಹಳೆಯ ಬಾಣ ಯಾವ ಕಡೆಗಿದೆ ಎಂದು ಒಂದು ಮಾತು ಕೇಳಬಾರದಿತ್ತೆ? ಗಾಳಿಮಳೆಯ ವರ್ಷ ಹತ್ತು ದಿನ ನಿಂತು, ಮೊದಲ ನಾಲ್ಕು ಬೋರಿನ ಒಂದೊಂದು ತುಂಡನ್ನೂ ಮೈಮೇಲೆ ಎಚ್ಚರವಿಟ್ಟುಕೊಂಡು ತಲೆಕೆಳಗೆ ಮಾಡಿ ಇರಿಸಿದವಳು ನಾನು. ಮೇಲು ಕೆಳಗು ಹೇಳುವ ಮರಳಿನ ಕಾಳು ಇರುವುದು ಆ ನಾಲ್ಕು ಬೋರಿನಲ್ಲಿ ಮಾತ್ರ. ಆಮೇಲಿನ ಮೂರು ಬೋರು ಅದಿರಿನ ಪದರ ಮುಗಿಯುತ್ತಲೇ ನಿಂತವು, ಕೆಸರುಗಲ್ಲಿಗೆ ಇಳಿಯಲೇ ಇಲ್ಲ.

"ಮತ್ತ ನನಗ ಯಾಕ ಹೇಳಲಿಲ್ಲ?" ಎಂದೆ. ದನಿ ಜೋರಾಗಿಯೇ ಬಂತು.

"ಹೇಳೇನಲ್ರಿ. ಪೆಟಗಿ ತುಂಬಾಕತ್ತಿದ್ವಲ್ಲ, ಆವಾಗ. ಕಲ್ಲು ಇಡೂದು ನಿಮ್ಮ ಕೆಲಸ, ಓದೂದು ನಮ್ಮ ಕೆಲಸ ಅಂದ್ರಿ. ಇಟ್ಟೆ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಬಸ್ಸು ಎಷ್ಟಕ್ಕೆ ಬಂತೆಂದು ಹೇಳುವ ದನಿಯಲ್ಲಿ ಹೇಳಿದ್ದು. ಅದೇ ಹೆಚ್ಚು ಚುಚ್ಚಿತು.

"ಮತ್ತ ದಿನಾ ಯಾಕ ತಿರುಗಿಸಿಡ್ತಿದ್ರಿ?"

"ಈ ತುಂಡು ಬೋರಿನಿಂದ ನನ್ನ ಕೈಯಾಗ ಬಂದದ್ರಿ. ಸ್ಟ್ಯಾಂಡು ನಾನ ಮಾಡೀನಿ. ಉಲ್ಟಾ ನಿಂತಿದ್ದು ನೋಡಿದ್ರ ನನಗ ಸಮಾಧಾನ ಆಗೂದಿಲ್ರಿ," ಎಂದರು.

ಶುಕ್ರವಾರ, ೨೧ ನವೆಂಬರ್

ಒಬ್ಬರ ನೆನಪನ್ನು ನಂಬಿ ಗುಡ್ಡ ಬದಲಾಯಿಸಲಾಗದು ಎಂದುಕೊಂಡೇ ಶೆಡ್ಡಿಗೆ ಹೋದೆ. ಪರೀಕ್ಷೆ ಸುಲಭವಿತ್ತು. ಎರಡೂವರೆ ವರ್ಷ ನನ್ನ ಕಣ್ಣ ಮುಂದೆಯೇ ಇತ್ತು. ತುಂಡುಗಳನ್ನು ತಿರುಗಿಸಿ ಇಟ್ಟರೆ ಮುರಿದ ತುದಿಗಳು ಕೂಡಬೇಕು.

ಎರಡನೇ ಬೋರಿನ ಪೆಟ್ಟಿಗೆಗಳನ್ನು ಬಿಸಿಲಿಗೆ ತಂದೆವು. ಅಲ್ಲಾಸಾಬರು ತಿರುಗಿಸಿ ಕೊಡುವುದು, ನಾನು ತುದಿಗೆ ತುದಿ ಹಿಡಿಯುವುದು. ಮೊದಲನೆಯದು ಕೂತಿತು. ಎರಡನೆಯದು ಕೂತಿತು. ಒಡೆದ ಬಳೆಯ ಚೂರು ಕೂಡಿಸಿದ ಹಾಗೆ, ಉಗುರು ಇಡಲೂ ಸಂದಿಲ್ಲದಂತೆ. ಐವತ್ತರವರೆಗೆ ಎಣಿಸಿದೆ. ಆಮೇಲೆ ಎಣಿಸುವುದು ಬಿಟ್ಟು ಸುಮ್ಮನೆ ಜೋಡಿಸಿದೆವು.

"ಹೊಂದತಾವಲ್ರೀ," ಎಂದರು ಒಂದು ಸಾರಿ. ಅವರ ಡಬ್ಬಿಯ ಚಪಾತಿ, ನನ್ನ ಡಬ್ಬಿಯ ಬದನೆಕಾಯಿ. ನೆಲದ ಮೇಲೆಯೇ ಉಂಡೆವು.

ಗುಡ್ಡ ಮಗುಚಿದೆ. ಎಂದೋ ನೆಲ ಮಡಿಚಿದಾಗ ಈ ಪದರಗಳು ಹೊರಳಿ ಬೆನ್ನ ಮೇಲೆ ಬಿದ್ದಿವೆ. ಮೊದಲು ಲಾವಾ ತಳ, ಅದರ ಮೇಲೆ ಅದಿರು, ಅದರ ಮೇಲೆ ಕೆಸರು. ಈಗ ಅದೆಲ್ಲ ತಿರುವುಮುರುವು. ಇದು ಲಾವಾದ ಬಗೆಯದೇ. ಸರ್ ಹೇಳಿದ್ದು ಸರಿ. ತಾಮ್ರ ಮೇಲಂಚಿಗೆ ಯಾಕಿದೆ ಎನ್ನುವುದಕ್ಕೆ ಎರಡು ಪುಟ ಬೇಕಿಲ್ಲ, ಒಂದು ಸಾಲು ಸಾಕು. ಒಲೆ ಕೆಳಗಿಲ್ಲ, ಮೇಲಿದೆ. ಮೇಲೆ ಎಂದರೆ ಪಶ್ಚಿಮದ ಓರೆಯ ಲಾವಾ ಕಲ್ಲಿನಲ್ಲಿ. ಬಿಸಿನೀರು ಹರಿದ ಕೊಳವೆಯ ಸುತ್ತ ಲಾವಾ ಕರಿಹಸಿರಿಗೆ ತಿರುಗುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಪಾಠ ಇದು. ನಾನು ಅದರ ಮೇಲೆ ಕುಳಿತು ರೊಟ್ಟಿ ತಿಂದು ಬಂದವಳು.

ಸಂಜೆ ಬಸ್ಸಿನಲ್ಲಿ ನಕಾಶೆ ತೆಗೆಯಲಿಲ್ಲ.

ಭಾನುವಾರ, ೨೩ ನವೆಂಬರ್

ನಾಳೆ ಮಷೀನು ಹೊರಡುತ್ತದೆ. ನಿನ್ನೆ ಇಡೀ ದಿನ ಸರ್‌ಗೆ ಫೋನು ಮಾಡದೆ ಕಳೆದೆ. ಹೆದರಿಕೆಯಾಗಿತ್ತು. ಬರೆದರೇನಂತೆ, ಓದುವವಳು ನಾನೇ. ಹನ್ನೆರಡು ವರ್ಷದ ಹೆಸರು ಒಂದು ಮಾತಿಗೆ ಹೋಗುತ್ತದೆ. ಸುಮ್ಮನಿದ್ದು ಪೂರ್ವಕ್ಕೇ ಕೊರೆದರೆ ಏನೂ ಸಿಗುವುದಿಲ್ಲ, ಗುಡ್ಡದಲ್ಲಿ ಇರಲಿಲ್ಲ ಎಂದಾಗುತ್ತದೆ, ಯಾರೂ ನನ್ನನ್ನು ಕೇಳುವುದಿಲ್ಲ. ಈ ಯೋಚನೆ ಬಂತು, ಬರಲಿಲ್ಲ ಎನ್ನುವುದಿಲ್ಲ. ಆದರೆ ಶೆಡ್ಡಿನ ಹನ್ನೊಂದು ಜನ ಮನೆಗೆ ಹೋಗುತ್ತಾರೆ. ಹೋಗುವ ದಿನವೂ ಅಲ್ಲಾಸಾಬರು ತುಂಡನ್ನು ನೆಟ್ಟಗೆ ಇಟ್ಟೇ ಹೋಗುತ್ತಾರೆ.

ಬೆಳಿಗ್ಗೆ ಧಾರವಾಡಕ್ಕೆ, ಸರ್ ಮನೆಗೆ ಹೋದೆ. ಅವರ ಮನೆಯವರು ಅಂಬಾಬಾಯಿ ಹಚ್ಚಿದ ಅವಲಕ್ಕಿ ತಂದಿಟ್ಟರು. ಮುಟ್ಟದೆ ಎಲ್ಲ ಹೇಳಿದೆ.

"ಹಂಗಾದ್ರ ಪಶ್ಚಿಮಕ್ಕ ಅಂತೀರಿ," ಎಂದರು ಕಡೆಗೆ.

"ಹೌದ್ರಿ ಸರ್. ಕರಿಹಸಿರು ಕಲ್ಲಿನ ಬಾಜೂಕ. ನೂರಾ ಅರವತ್ತು ಮೀಟರ್ ಸಾಕು."

"ಖರೇ?"

"ಖರೇ."

"ಹೋದ ವಾರನೂ ಖರೇ ಅಂದಿದ್ರಿ."

"ಹೋದ ವಾರ ನಾ ಒಬ್ಬಾಕೀನ ಅಂದಿದ್ದೆ ಸರ್."

ಸರ್ ಕನ್ನಡಕ ತೆಗೆದು ಒರೆಸಿದರು. "ಮುಂಬೈಯವರಿಗೆ ಕಾರಣ ಬರೀಬೇಕಾಗ್ತದ. ಶೆಡ್ಡಿನ ಕೆಲಸದವರಿಂದ ಬಾಣದ ಗೊಂದಲ ಆಗಿತ್ತು ಅಂತ ಬರದ್ರ ಅವರೇನೂ ಕೇಳೂದಿಲ್ಲ. ನಿಮಗೂ ಛಲೋ."

ಬೇಕಾದಷ್ಟು ಅಗಲದ ಬಾಗಿಲು ತೆರೆದುಕೊಟ್ಟರು, ಪಾಪ, ನನ್ನ ಒಳ್ಳೆಯದಕ್ಕೇ.

"ಬ್ಯಾಡ್ರಿ," ಎಂದೆ. "ಶೆಡ್ಡಿನವರು ಸರಿ ಹೇಳಿದ್ರು. ಕೇಳದಾಕಿ ನಾನು. ನನ್ನ ಹೆಸರ ಬರೀರಿ."

"ಅವಲಕ್ಕಿ ತಿನ್ರಿ ಮೊದಲು," ಎಂದರು ಸರ್. ಆಮೇಲೆ ಒಳಗೆ ಹೋಗಿ ಮಷೀನಿನವರಿಗೆ ಫೋನು ಮಾಡಿದರು.

ಶುಕ್ರವಾರ, ೨೮ ನವೆಂಬರ್

ಮುಂಬೈಯಿಂದ ಬಂದ ಪತ್ರ ಇಲ್ಲಿ ಬರೆಯುವಂಥದ್ದಲ್ಲ. ಬೋರು ಮಾತ್ರ ಕಿತ್ತುಕೊಂಡಿಲ್ಲ. ಮಷೀನು ನೆತ್ತಿ ಸುತ್ತಿ ಪಶ್ಚಿಮಕ್ಕೆ ಬಂತು. ಹೊಸ ದಾರಿ ಮಾಡಲು ಎರಡು ದಿನ ಹಿಡಿಯಿತು. ಬೋರಿನ ಬಾಯಲ್ಲೇ ತುಂಡು ಹಿಡಿಯಲು ಶೆಡ್ಡಿನಿಂದ ಅಲ್ಲಾಸಾಬ ಕಾಕಾ ಅವರನ್ನು ಕರೆದುಕೊಂಡು ಬಂದೆ. ಬೆಳಗಿನ ಬಸ್ಸಿನಲ್ಲಿ ನನಗೂ ಸೀಟು ಹಿಡಿದಿದ್ದರು.

ಬುಧವಾರ, ೩ ಡಿಸೆಂಬರ್

ನಲವತ್ತೆರಡು ಮೀಟರು. ಲಾವಾ.

ಶನಿವಾರ, ೬ ಡಿಸೆಂಬರ್

ಎಂಬತ್ತೇಳು ಮೀಟರು. ಲಾವಾ, ಬರೀ ಲಾವಾ. ಸರ್ ದಿನಕ್ಕೆರಡು ಸಾರಿ ಫೋನು ಮಾಡಿ ಹವಾಮಾನ ಕೇಳುತ್ತಾರೆ, ಬೋರಿನ ಮಾತೆತ್ತುವುದಿಲ್ಲ. ನಾನು ಅಂಜಿಲ್ಲ. ಕೊಳವೆ ಇದೆ. ಎಪ್ಪತ್ತೊಂಬತ್ತರ ಹತ್ತಿರ ಕಲ್ಲು ಸ್ವಲ್ಪ ಹಸಿರಾಗಿದೆ ಅನಿಸಿತು. ನನಗೆ ಹಾಗೆ ಕಾಣಲಿ ಎಂದು ಆಸೆಯಿರುವುದರಿಂದ ಕಾಕಾ ಅವರನ್ನು ಕೇಳಿದೆ. ಒದ್ದೆ ಮಾಡಿ, ಬಿಸಿಲಿಗೆ ಹಿಡಿದು, "ಇನ್ನೂ ಇಲ್ರಿ," ಎಂದರು. ಇಲ್ಲ ಎಂದೇ ಬರೆದುಕೊಂಡೆ.

ಮಂಗಳವಾರ, ೯ ಡಿಸೆಂಬರ್

ಎಲ್ಲಿಂದ ಬರೆಯಲಿ!

ಬೆಳಿಗ್ಗೆ ನೂರಾ ನಾಲ್ಕರಲ್ಲಿ ಕಲ್ಲು ಹಸಿರಾಯಿತು. ಈ ಸಾರಿ ಯಾರನ್ನೂ ಕೇಳಬೇಕಿರಲಿಲ್ಲ, ಆದರೂ ಕೇಳಿದೆ. "ಹೂಂ," ಎಂದರು ಕಾಕಾ. ನೂರಾ ಹತ್ತರಿಂದ ಆ ಹಸಿರಿನ ಉದ್ದಗಲಕ್ಕೂ ಹಳದಿ ತಾಮ್ರದ ಎಳೆಗಳು, ಬಿಸಿನೀರು ಮೇಲೆ ನುಗ್ಗಿದ ದಾರಿಗಳು. ಕೊಳವೆ ಇದೇ. ಒಲೆ ಇದೇ. ಮಧ್ಯಾಹ್ನ ಮೂರಕ್ಕೆ ನೂರಾ ಇಪ್ಪತ್ತಾರರಲ್ಲಿ ದಪ್ಪ ಅದಿರು ಶುರುವಾಯಿತು. ಕೈಗೆತ್ತಿಕೊಂಡರೆ ಮಣಿಕಟ್ಟು ಇಳಿಯುವಷ್ಟು ಭಾರ. ಐದೂವರೆಗೆ ಮಷೀನು ನಿಲ್ಲಿಸಿದಾಗ ಹದಿಮೂರು ಮೀಟರು ಆಗಿತ್ತು, ಅದಿರು ಇನ್ನೂ ಮುಗಿದಿರಲಿಲ್ಲ. ಸರ್‌ಗೆ ಫೋನು ಮಾಡಿ ಅಂಕಿ ಹೇಳಿದೆ. ಆ ಕಡೆ ಅಂಬಾಬಾಯಿಯನ್ನು ಕೂಗಿ ಕರೆದದ್ದು ಕೇಳಿಸಿತು.

ನನಗೆ ಮೊದಲಿನಿಂದಲೂ ಗೊತ್ತಿತ್ತು. ಒಲೆ ಇದೆ ಎಂದು ಅತ್ತೆಗೆ ಹೇಳಿರಲಿಲ್ಲವೆ?

ಮೊದಲ ಭಾರದ ತುಂಡು ಹೊರಬಂದಾಗ ಕಾಕಾ ಅದನ್ನು ತೊಳೆದು, ತೊಡೆಯ ಮೇಲಿಟ್ಟುಕೊಂಡು, ಕುಂಚ ಅದ್ದಿ ನನ್ನ ಮುಖ ನೋಡಿದರು. "ಬಾಣ ಯಾವ ಕಡಿ ಹೊಡೀಲ್ರಿ?" ಮೀಸೆಯಲ್ಲೇ ನಗುತ್ತಿದ್ದರು.

"ನೀವ ಹೇಳ್ರಿ ಕಾಕಾ."

ತಳದ ಕಡೆಗೇ ಹೊಡೆದರು. ಅಷ್ಟಕ್ಕೆ ಬಿಡದೆ, ಬಾಣದ ಪಕ್ಕದಲ್ಲಿ ಸಣ್ಣ ದುಂಡನೆಯ ಅಕ್ಷರದಲ್ಲಿ 'ಕೆಳಗ' ಎಂದು ಬರೆದರು. "ನಾಳೆ ನಾವು ನೀವು ಇಲ್ದಾಗ ಯಾರ ಬಂದ್ರೂ ತಿಳೀಬೇಕಲ್ರಿ," ಎಂದರು. ಇನ್ನು ಮುಂದೆ ಶೆಡ್ಡಿನಲ್ಲಿ ಹೀಗೆಯೇ ಬರೆಯಬೇಕು.

ಮನೆಗೆ ಬಂದು ಕೈಕಾಲು ತೊಳೆದು, ಅತ್ತೆ ಚಹಾ ತರುವಷ್ಟರಲ್ಲಿ ಡೈರಿಯ ಮೊದಲ ಪುಟ ತೆಗೆದೆ, ಗೊತ್ತುಮಾಡಿಕೊಂಡಿದ್ದ ಹಾಗೆ. ಜೋರಾಗಿಯೇ ಓದಿಕೊಂಡೆ. ಎಲ್ಲ ಚೆನ್ನಾಗಿದೆ, ಒಂದು ಸಾಲು ಮಾತ್ರ ತಪ್ಪಿದೆ. ಅಚ್ಚಾದ ತಾರೀಖಿಗೆ ಎಳೆದ ಹಾಗೆ ಅದರ ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದೆ: ಹೇಳಿದ್ದು ಅಲ್ಲಾಸಾಬ ಕಾಕಾ, ಎರಡು ಸಾರಿ. ಕೇಳಿಸಿಕೊಂಡಿದ್ದು ರಜನಿ, ಎರಡನೇ ಸಾರಿಗೆ.